ರಾಯರ ಗಂಡನಿಂದ ಮದುವೆ ಗಂಡಿನವರೆಗೆ

ವಿಜಯನಗರದ ಅರಸರ ಬಿರುದಾವಳಿ ಓದುವಾಗ ‘ಮೂರು ರಾಯರ ಗಂಡ’ ಬಂದರೆ ಹಿಂದಿನ ಬೆಂಚಿನಲ್ಲಿ ಕಿಸಕ್ಕನೆ ನಗು ಏಳುತ್ತದೆ. ಗಂಡನೆಂದರೆ ಹೆಂಡತಿಯುಳ್ಳವನು ಎಂದಷ್ಟೇ ಬಲ್ಲ ಕಿವಿಗೆ ಇನ್ನು ಹೇಗೆ ಕೇಳಿಸೀತು? ಶಾಸನ ಕಂಡರಿಸಿದವರ ಕಾಲಕ್ಕೆ ಗಂಡ ಎಂದರೆ ಶೂರ, ಎದುರಾಳಿಯನ್ನು ಅಡಗಿಸಿದವನು. ‘ರಾಯರ’ ಎಂಬ ಷಷ್ಠಿ ವಿಭಕ್ತಿ ಅಲ್ಲಿ ತೋರಿಸುವುದು ನೆಂಟಸ್ತಿಕೆಯನ್ನಲ್ಲ, ಯಾರ ಮೇಲೆ ಗೆಲುವು ಎಂಬುದನ್ನು.

ಜೈನರಿಗೂ ಶ್ರೀವೈಷ್ಣವರಿಗೂ ಹುಟ್ಟಿದ ವ್ಯಾಜ್ಯವನ್ನು ಬುಕ್ಕರಾಯ ತೀರಿಸಿದ್ದನ್ನು ಹೇಳುವ ಶ್ರವಣಬೆಳಗೊಳದ 1368ರ ಶಾಸನ ಅವನನ್ನು ‘ಭಾಷೆಗೆ ತಪ್ಪುವ ರಾಯರ ಗಂಡ’ ಎನ್ನುತ್ತದೆ. ಭಾಷೆ ಅಂದರೆ ಕೊಟ್ಟ ಮಾತು. ಮಾತಿಗೆ ತಪ್ಪಿದ ದೊರೆಗಳ ಸೊಕ್ಕು ಮುರಿಯುವವನು ಬುಕ್ಕ. ವಿಜಯನಗರದ ಸಂಸ್ಕೃತ ತಾಮ್ರಪಟಗಳು ಸಹ ಈ ಬಗೆಯ ಬಿರುದನ್ನು ಅನುವಾದಿಸುವ ಗೋಜಿಗೆ ಹೋಗದೆ, ‘ಮೂರುರಾಯರಗಂಡ’ ಎಂದು ಶ್ಲೋಕದ ನಡುವೆ ಕನ್ನಡದಲ್ಲೇ ಕೂರಿಸಿಕೊಂಡವು.

ಹೊಯ್ಸಳರ ಬಿರುದು ‘ಮಲೆಪರೊಳ್ ಗಂಡ’. ಇಲ್ಲಿ ವಿಭಕ್ತಿ ಬೇರೆ: ಮಲೆನಾಡಿನ ನಾಯಕರ ‘ಒಳಗೆ’ ಮಿಗಿಲಾದವನು. ಹೊಯ್ಸಳರ ಚಿನ್ನದ ನಾಣ್ಯದ ಮೇಲೂ ಇದು ಬಂದಿದೆ. ವಿಷ್ಣುವರ್ಧನನ ನಾಣ್ಯದಲ್ಲಿರುವ ‘ತಳಕಾಡುಗೊಂಡ’ ಮಾತ್ರ ಬೇರೆಯೇ ಪದ. ಅದು ‘ಕೊಳ್’ ಧಾತುವಿನದು, ತಲಕಾಡನ್ನು ವಶಮಾಡಿಕೊಂಡವನು ಎಂದರ್ಥ. ಅವಸರದಲ್ಲಿ ಓದುವವರು ಎಡವುವ ಜಾಗ ಇದು. ಆನೆಯ ಗಂಡಸ್ಥಳಕ್ಕೂ ಜಾತಕದ ಗಂಡಾಂತರಕ್ಕೂ ಈ ಗಂಡನಿಗೂ ಸಂಬಂಧವಿಲ್ಲ; ಅವು ಸಂಸ್ಕೃತದಿಂದ ಬಂದವು.

ಬಿರುದಿನ ಗಂಡ ಒಂದು ಹಕ್ಕಿಯ ಹೆಸರಿನಲ್ಲೂ ಕೇಳಿಸುತ್ತಾನೆ: ಬಳ್ಳಿಗಾವೆಯಲ್ಲಿ 1047ರಲ್ಲಿ ಚಾವುಂಡರಾಯರಸ ನಿಲ್ಲಿಸಿದ ಕಂಬದ ತುದಿಯಲ್ಲಿ ಎರಡು ತಲೆಯ, ಮನುಷ್ಯದೇಹದ ಗಂಡಭೇರುಂಡ ಇದೆ. ಮುಂದೆ ವಿಜಯನಗರದ ಅಚ್ಯುತರಾಯನ ನಾಣ್ಯಕ್ಕೂ ಮೈಸೂರಿನ ಲಾಂಛನಕ್ಕೂ ಅದೇ ಪಕ್ಷಿ ಏರಿತು.

ಶೂರ ಮನೆಯೊಳಗೆ ಬಂದು ಪತಿಯಾದದ್ದು ಅಷ್ಟೇನೂ ದೂರದ ದಾರಿಯಲ್ಲ. ‘ರಾಯರ ಗಂಡ’, ‘ಅವಳ ಗಂಡ’: ವ್ಯಾಕರಣ ಒಂದೇ. ಯಜಮಾನಿಕೆಯ ಹಳೆಯ ವಾಸನೆ ಎರಡನೆಯದರಲ್ಲೂ ಉಳಿದಿದೆ ಎಂದರೆ ತಪ್ಪಾಗಲಾರದು. ಮಂಗಳೂರಿನ ಬಾಸೆಲ್ ಮಿಷನ್ 1894ರಲ್ಲಿ ಅಚ್ಚುಹಾಕಿದ ಕಿಟೆಲ್ ನಿಘಂಟಿನಲ್ಲಿ ಶೂರನೂ ಪತಿಯೂ ಒಂದೇ ಪದದಡಿ ಸಿಗುತ್ತಾರೆ.

ಗಂಡಸನ್ನು ಹೇಳುವ ಪದಕ್ಕೆ ಎಲ್ಲ ನುಡಿಗಳಲ್ಲೂ ಇಂಥ ಮರ್ಯಾದೆ ಸಿಗಲಿಲ್ಲ: ಸ್ಕಾಟ್ಲೆಂಡಿನ ‘ಕಾರ್ಲ್’ ಇಷ್ಟು ಅದೃಷ್ಟವಂತನಲ್ಲ. ನಾರ್ಸ್ ಮೂಲದ ಆ ಪದಕ್ಕೆ ಗಂಡಸು ಎಂಬುದೇ ಅರ್ಥ. ಸ್ಕಾಟ್ಸ್ ನುಡಿಯಲ್ಲಿ ಹಳ್ಳಿಗ, ಮುದುಕಪ್ಪ ಎಂಬ ಛಾಯೆಗಳೂ ಅಂಟಿಕೊಂಡವು. ಅದರ ದಾಯಾದಿ ಇಂಗ್ಲಿಷಿನ ‘ಚರ್ಲ್’ ಒರಟನೇ ಆಗಿಹೋದ.

ಇತ್ತ ಬೆಂಗಳೂರಿನ ಜಯನಗರದ ಕಲ್ಯಾಣಮಂಟಪಗಳಲ್ಲಿ ‘ಗಂಡಿನ ಕಡೆಯವರಿಗೆ ಕಾಫಿ ಹೋಯ್ತಾ?’ ಎಂಬ ಕೂಗಿನಲ್ಲಿ ಹಳೆಯ ಗತ್ತು ಒಂದಿಷ್ಟು ಇಣುಕುತ್ತದೆ. ಆದರೆ ವ್ಯಾಕರಣ ಅಲ್ಲೊಂದು ಚೇಷ್ಟೆ ಮಾಡಿದೆ: ‘ಹುಡುಗಿಗೆ ಗಂಡು ಸಿಕ್ತು’ ಎನ್ನುವಾಗ ವರ ಮಹಾಶಯ ನಪುಂಸಕಲಿಂಗಕ್ಕೆ ಜಾರಿರುತ್ತಾನೆ. ಬಿಟಿಎಂ ಲೇಔಟಿನ ಬೋರ್ಡುಗಳಲ್ಲಿ ಅವನೂ ಇಲ್ಲ. ಅಲ್ಲಿರುವುದು ‘ಪಿಜಿ ಫಾರ್ ಜೆಂಟ್ಸ್’. ಹಳೆಯ ಶೌರ್ಯಾರ್ಥವೀಗ ‘ಗಂಡೆದೆ’, ‘ಗಂಡುಗಲಿ’ಗಳಲ್ಲಿ, ಹುಬ್ಬಳ್ಳಿ ಕಡೆಯವರು ಹೆಮ್ಮೆಯಿಂದ ಹೇಳುವ ‘ಗಂಡುಮೆಟ್ಟಿದ ನಾಡಿ’ನಲ್ಲಿ ಉಳಿದಿದೆ. ‘ಗಂಡುಬೀರಿ’ಯಲ್ಲೂ ಇದೆ, ಆದರೆ ಬೈಗುಳವಾಗಿ. ಅರಸನಿಗೆ ಬಿರುದು ತಂದ ಎದೆಗಾರಿಕೆಯೇ ಹೆಣ್ಣಿನಲ್ಲಿ ಕಂಡರೆ ಊರು ಕೊಡುವ ಹೆಸರು ಅದು.