ಥಾಮಸನ ಮಹಸೀರ್ ಮತ್ತು ಹೆಗ್ಗದ್ದೆಯ ಹೊಳೆಗಳು: ಒಂದು ಮರು ಓದು

ಹೆನ್ರಿ ಸುಲಿವನ್ ಥಾಮಸನ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನಿಂದ ಹೊರಬಂತು. ಸಾಹೇಬರ ಶಿಕಾರಿ ಪುಸ್ತಕಗಳ ಸಾಲಿಗೆ ಸೇರಿಸಿ ಅದನ್ನು ಬದಿಗಿಡುವುದು ನಮ್ಮಲ್ಲಿ ರೂಢಿ. ಗಾಳದ ಮೀನುಗಾರಿಕೆಯ ಚರಿತ್ರೆ ಬರೆಯುವವರು ಅದರಿಂದ ಎತ್ತಿಕೊಳ್ಳುವುದೂ ಒಂದೇ ಮಾತು: ಮಹಸೀರ್ ಸಾಲ್ಮನ್‌ಗೆ ಸರಿಸಾಟಿ. ಥಾಮಸನ ತೂಕದ ಸಾಕ್ಷ್ಯ ಇರುವುದು ಈ ಎರಡು ಮೀನುಗಳನ್ನು ಅವನು ಬೇರ್ಪಡಿಸುವ ಕಡೆ ಎಂಬುದು ನನ್ನ ವಾದ.

ಮಹಸೀರ್ ಸಾಲ್ಮನ್‌ನ ಹಾಗೆ ಕಡಲಿಗೆ ಹೋಗಿ ಬರುವ ಮೀನಲ್ಲ. ಅದರ ಬಾಳೆಲ್ಲ ಸಿಹಿನೀರಿನಲ್ಲೇ. ಮಳೆಗಾಲದ ನೆರೆಯೊಡನೆ ಮೇಲಿನ ಹೊಳೆಗಳಿಗೆ ಏರುತ್ತದೆ, ನೀರು ಇಳಿಯುವಾಗ ಮಡುವಿಗೆ ಮರಳುತ್ತದೆ. ಥಾಮಸ್ ಇಲ್ಲಿಗೇ ನಿಲ್ಲಲಿಲ್ಲ. ಮಹಸೀರ್ ತನ್ನ ಮೊಟ್ಟೆಯನ್ನೆಲ್ಲ ಒಂದೇ ಸಲಕ್ಕೆ ಇಡದೆ ಕಂತುಕಂತಾಗಿ ಇಡುತ್ತದೆ ಎಂದು ವಾದಿಸಿದ. ಇದನ್ನು ಹವ್ಯಾಸಿಯೊಬ್ಬನ ಊಹೆ ಎಂದು ತಳ್ಳಿಹಾಕುವುದು ಸುಲಭ, ತಳ್ಳಿಹಾಕಿದವರೂ ಇದ್ದಾರೆ. ಆದರೆ ಮುಂದೆ ಮೀನುವಿಜ್ಞಾನಿಗಳು ಮಹಸೀರ್ ಅಂಡಾಶಯದೊಳಗೆ ಬೇರೆಬೇರೆ ಹಂತದ ಮೊಟ್ಟೆಗಳನ್ನು ಕಂಡರು. ಹಿಮಾಲಯದ ಮಹಸೀರ್ ಬಗ್ಗೆಯಂತೂ ಬರೆದೂ ಇಟ್ಟರು. ಕಂತುಗಳು ಎಷ್ಟು, ಎಷ್ಟು ದಿನಕ್ಕೊಂದು ಎಂಬುದು ಬೇರೆ ಚರ್ಚೆ. ವಾದದ ತಿರುಳನ್ನು ಅದು ಅಲುಗಿಸುವುದಿಲ್ಲ. ಮೊಟ್ಟೆ ಹಲವು ವಾರಗಳಲ್ಲಿ ಹರಡಿದ್ದರೆ ಹೊಳೆಗೂ ಅಷ್ಟೂ ವಾರ ನೀರು ಬೇಕು. ನಾಲ್ಕು ದಿನದ ನೆರೆ ಬಂದು ಹೋದರೆ ಸಾಲದು.

ಥಾಮಸ್ ದಕ್ಷಿಣ ಕನ್ನಡದ ಕಲೆಕ್ಟರ್. 1870ರಲ್ಲೇ ಆ ಜಿಲ್ಲೆಯ ಮೀನು ಸಾಕಣೆ ಕುರಿತ ಅವನ ವರದಿ ಪ್ರಕಟವಾಗಿತ್ತು. ಅವನ ಅಧಿಕಾರ ಘಾಟಿಯ ಬುಡಕ್ಕೆ ಮುಗಿಯುತ್ತಿತ್ತು; ನೀರು ಬರುತ್ತಿದ್ದುದು ಮೈಸೂರು ಸೀಮೆಯ ಮಂಜರಾಬಾದಿನಿಂದ. ಶಿರಾಡಿ ಘಾಟಿಯ ನೆತ್ತಿಯ ಹೆಗ್ಗದ್ದೆಯ ಸುತ್ತ ಬಿದ್ದ ಮಳೆ ಕೆಂಪುಹೊಳೆ, ಎತ್ತಿನಹೊಳೆಗಳಲ್ಲಿ ಗುಂಡ್ಯಕ್ಕೆ ಇಳಿದು, ಕುಮಾರಧಾರೆಯನ್ನು ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಕೂಡುತ್ತದೆ. ಮೈಸೂರಿನ ಚರಿತ್ರೆ ಬರೆಯುವವರು ಕರಾವಳಿಯ ಕಲೆಕ್ಟರನನ್ನು ಓದಲಿಲ್ಲ, ಕರಾವಳಿಯವರು ಘಾಟಿ ಹತ್ತಲಿಲ್ಲ. ಹೆಗ್ಗದ್ದೆಯ ಹೊಳೆಗಳು ಎರಡು ಕಡೆಯ ಬರವಣಿಗೆಯಿಂದಲೂ ಬಿಟ್ಟುಹೋದವು.

ಥಾಮಸ್ ದೂರಿದ್ದು ಮರಿಮೀನನ್ನೂ ಬಿಡದ ಸಣ್ಣ ಕಣ್ಣಿನ ಬಲೆಗಳನ್ನು, ಅಡ್ಡಗಟ್ಟಿದ ಬೋನುಗಳನ್ನು, ಹೊಳೆಗೆ ಹಾಕುವ ವಿಷವನ್ನು. ಇದೆಲ್ಲ ಸ್ಥಳೀಯರ ಮೇಲಿನ ವಸಾಹತುಶಾಹಿ ಪೂರ್ವಗ್ರಹ ಎಂಬ ಇನ್ನೊಂದು ಓದಿದೆ. ಅದನ್ನೂ ಇಡಿಯಾಗಿ ಒಪ್ಪಲಾರೆ. ಮಲೆನಾಡಿನ ಮೀನುಬೋನು ಕೂಣಿಯನ್ನು ನೋಡಿ: ಬಿದಿರ ಸೀಳಿನ ಅಗಲ ಬಾಯಿ, ಒಳಗೆ ಮುಖ ಮಾಡಿದ ಚೂಪು ಕಡ್ಡಿಗಳು, ಹೊಕ್ಕ ಮೀನಿಗೆ ಹಿಂದಕ್ಕೆ ದಾರಿಯಿಲ್ಲ. ಮೊದಲ ಮಳೆಗೆ ಹತ್ತುವ ಮೀನಿನ ಇಕ್ಕಟ್ಟು ದಾರಿಯಲ್ಲೇ ಅದನ್ನು ಇಡುತ್ತಾರೆ. ಮನೆಯ ಸಾರಿಗೆ ಒಂದೆರಡು ಕೂಣಿ ಇಟ್ಟವರನ್ನೂ ಮಡುವಿಗೆ ವಿಷ ಹಾಕಿದವರನ್ನೂ ಒಂದೇ ತಕ್ಕಡಿಗೆ ಹಾಕುವುದು ಅನ್ಯಾಯ, ನಿಜ. ಆದರೆ ವಿಷದ ದೂರು ಸುಳ್ಳಲ್ಲ. 1897ರ ಮೀನುಗಾರಿಕೆ ಕಾಯ್ದೆ ವಿಷವನ್ನೂ ಸಿಡಿಮದ್ದನ್ನೂ ನಿಷೇಧಿಸಿತು. ಅದಾಗಿ ನೂರು ವರ್ಷವಾಗುತ್ತಿದ್ದಾಗ, 1996ರಲ್ಲಿ, ಇದೇ ಬೆಟ್ಟಸಾಲಿನ ಬುಡದ ಶಿಶಿಲದಲ್ಲಿ ಕಪಿಲಾ ಹೊಳೆಗೆ ವಿಷ ಹಾಕಿ ದೇವರ ಮೀನುಗಳನ್ನು ಕೊಂದರು.

ಮಹಸೀರ್ ಎಂದೊಡನೆ ನೆನಪಾಗುವ ಕಾವೇರಿಯ ದೈತ್ಯ ಮಹಸೀರ್ ಇಲ್ಲಿ ಸಲ್ಲದು. ಮೀನುವಿಜ್ಞಾನಿ ಸುಂದರ್‌ಲಾಲ್ ಹೋರಾ ಅದನ್ನು ಸೈಕ್ಸ್ 1839ರಲ್ಲಿ ವರ್ಣಿಸಿದ ‘ಮುಸ್ಸುಲ್ಲಾ’ ಎಂದು ಗುರುತಿಸಿದ ತಪ್ಪು ದಶಕಗಟ್ಟಲೆ ಉಳಿಯಿತು. ಅದು ಟಾರ್ ರೆಮದೇವಿ ಎಂಬ ಪ್ರಭೇದ ಎಂದು 2018ರಲ್ಲಿ ಇತ್ಯರ್ಥವಾಯಿತು. ಘಾಟಿಯ ಪೂರ್ವಕ್ಕಿರುವ ಆಲೂರಿನ ಕಡೆಯ ನೀರು ಹೇಮಾವತಿಯ ಮೂಲಕ ಆ ಮೀನಿನ ಕಾವೇರಿಗೆ ಹೋಗುತ್ತದೆ. ಥಾಮಸನ ದಕ್ಷಿಣ ಕನ್ನಡದ ಸಾಕ್ಷ್ಯವನ್ನು ಅದಕ್ಕೆ ಅಂಟಿಸುವವರು ಮೊದಲು ನಕಾಶೆ ನೋಡಬೇಕು.

ಕಡಿದಾದ ಅಬ್ಬಿಗಳನ್ನೂ ದಾಟಿ ಮಹಸೀರ್ ಹೆಗ್ಗದ್ದೆಯವರೆಗೆ ಏರುತ್ತದೆಂದು ನಾನು ಹೇಳುತ್ತಿಲ್ಲ. ಅಬ್ಬಿಯ ಕೆಳಗೆ ಮೊಟ್ಟೆ ಬೀಳುವ ಜಾಗಕ್ಕೆ ನೀರು ಹೋಗುವುದು ಮೇಲಿನಿಂದ ಎಂಬುದಷ್ಟೇ ಮಾತು. ಎತ್ತಿನಹೊಳೆ ಯೋಜನೆ ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳಿಗೆ ಎಂಟು ಒಡ್ಡು ಕಟ್ಟಿ 24.01 ಟಿಎಂಸಿ ನೀರನ್ನು ಪೂರ್ವಕ್ಕೆ ಎತ್ತುವ ಲೆಕ್ಕ ಹಾಕಿದೆ. ಮೊದಲ ಹಂತ 2024ರ ಸೆಪ್ಟೆಂಬರ್ 6ರಂದು ಉದ್ಘಾಟನೆಯಾಯಿತು. ಎತ್ತುವುದು ಮಳೆಗಾಲದ ಹೆಚ್ಚುವರಿ ನೀರನ್ನು ಮಾತ್ರ ಎಂಬುದು ಅದರ ಸಮರ್ಥನೆ. ಥಾಮಸನನ್ನು ಸರಿಯಾಗಿ ಓದಿದವರು ಈ ‘ಹೆಚ್ಚುವರಿ’ಯನ್ನು ಒಪ್ಪಲಾರರು. ಮೀನು ಏರುವುದು, ಕಂತುಕಂತಾಗಿ ಮೊಟ್ಟೆ ಇಡುವುದು ಅದೇ ತಿಂಗಳುಗಳಲ್ಲಿ, ಅದೇ ನೀರಿನಲ್ಲಿ.