ಹ್ಯಾಂಡಲ್ ಲಾಕ್ ಹಾಕಿದರೆ ಬೈಕ್ ಸೇಫಾ? ಕಡಿಮೆ ಖರ್ಚಿನಲ್ಲಿ ಕಳವು ತಡೆಯುವುದು ಹೇಗೆ?

ಬಳ್ಳಿಗಾವಿಯಿಂದ ಶಿವಮೊಗ್ಗಕ್ಕೆ ಹೊರಟವರು ಶಿರಾಳಕೊಪ್ಪದವರೆಗೆ ಬೈಕಿನಲ್ಲಿ ಬಂದು, ಗಾಡಿಯನ್ನು ರಸ್ತೆ ಬದಿಗೆ ನಿಲ್ಲಿಸಿ ಬಸ್ ಹತ್ತುವುದುಂಟು. ವಾಪಸ್ ಬರುವುದು ಸಂಜೆಗೆ. ಜಾತ್ರೆ, ಮದುವೆ, ಸಂತೆ, ತೋಟದ ಕೆಲಸ ಎಂದಾಗಲೂ ಹೀಗೆಯೇ. ಗಾಡಿ ಗಂಟೆಗಟ್ಟಲೆ ಕಣ್ಣಳತೆಗೆ ಸಿಗದೆ ನಿಂತಿರುತ್ತದೆ.

ಅದು ಕಳವಾಗದಂತೆ ನೋಡಿಕೊಳ್ಳಲು ವಾಟ್ಸಾಪ್‌ನಲ್ಲಿ, ಕಟ್ಟೆಯ ಮೇಲೆ ಹತ್ತಾರು ಸಲಹೆಗಳು ಸಿಗುತ್ತವೆ. ಕೆಲವು ನಿಜ, ಕೆಲವು ಅರ್ಧ ನಿಜ. ಒಂದೆರಡು ನಂಬಿಕೆಗಳಂತೂ ಗಾಡಿ ಹೋದ ಮೇಲೆ ಸಾವಿರಾರು ರೂಪಾಯಿ ನಷ್ಟ ಮಾಡಿಸುತ್ತವೆ.

ಚುಟುಕಾಗಿ ಹೇಳುವುದಾದರೆ

ಒಡೆಯಲಾಗದ ಬೀಗ ಇಲ್ಲ. ಬೀಗದ ಕೆಲಸ ಕಳ್ಳನ ಸಮಯ ತಿನ್ನುವುದು. ಸಾಲಾಗಿ ನಿಂತ ಹತ್ತು ಬೈಕುಗಳಲ್ಲಿ ಬೇಗ ಬಿಚ್ಚುವ ಗಾಡಿಯೇ ಮೊದಲು ಹೋಗುತ್ತದೆ. ಆದ್ದರಿಂದ ಎರಡು ಕೆಲಸ ಮಾಡಿ: ಕೆಲವು ನೂರು ರೂಪಾಯಿ ಹಾಕಿ ಎರಡನೇ ಬೀಗ ಕೊಳ್ಳಿ, ವಿಮೆಯಲ್ಲಿ ಕಳವು ಸೇರಿದೆಯೇ ಎಂದು ಇಂದೇ ತೆಗೆದು ನೋಡಿ.

ನಂಬಿಕೆ 1: ಹ್ಯಾಂಡಲ್ ಲಾಕ್ ಹಾಕಿದರೆ ಸಾಕು

ಅರ್ಧ ನಿಜ. ಹ್ಯಾಂಡಲ್ ಲಾಕ್ ಎಂದರೆ ಒಂದು ಚಿಕ್ಕ ಲೋಹದ ಪಿನ್ನು. ಅದು ಹ್ಯಾಂಡಲ್ ತಿರುಗದಂತೆ ತಡೆಯುತ್ತದೆ ಅಷ್ಟೆ. ಬಲ ಹಾಕುವವನ ಮುಂದೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಹಾಗೆಂದು ಅದನ್ನು ಹಾಕದೆ ಬಿಡಬೇಡಿ. ಪುಕ್ಕಟೆ ಸಿಗುವ ಮೊದಲ ತಡೆ ಅದೇ.

ಹಳೆಯ ಗಾಡಿಗಳಲ್ಲಿ ಇನ್ನೊಂದು ತೊಂದರೆ ಇದೆ. ಇಗ್ನಿಷನ್ ಬೀಗದೊಳಗೆ ತೆಳುವಾದ ಲೋಹದ ಪಟ್ಟಿಗಳ ಸಾಲಿರುತ್ತದೆ. ಸರಿಯಾದ ಕೀ ಹಾಕಿದಾಗ ಅವೆಲ್ಲ ಒಂದೇ ಮಟ್ಟಕ್ಕೆ ಬಂದು ಬೀಗ ತಿರುಗುತ್ತದೆ. ವರ್ಷಗಟ್ಟಲೆ ಬಳಸಿ ಪಟ್ಟಿಗಳೂ ಕೀಯೂ ಸವೆದರೆ ಬೇರೆ ಗಾಡಿಯ ಕೀಗೂ ಬೀಗ ತೆರೆಯಬಹುದು. ಪರೀಕ್ಷೆ ಸುಲಭ: ಕೀಯನ್ನು ಆನ್ ಮಾಡಿ ಎಳೆದು ನೋಡಿ. ಆನ್ ಇದ್ದಾಗಲೇ ಕೀ ಕೈಗೆ ಬಂದರೆ, ಅಥವಾ ಮನೆಯ ಇನ್ನೊಂದು ಬೈಕಿನ ಕೀ ಇದಕ್ಕೂ ತಿರುಗಿದರೆ, ಲಾಕ್ ಸೆಟ್ ಬದಲಿಸುವ ಕಾಲ ಬಂದಿದೆ ಎಂದರ್ಥ.

ನಂಬಿಕೆ 2: ಪೆಟ್ರೋಲ್ ಕಾಕ್ ಆಫ್ ಮಾಡಿದರೆ ಕಳ್ಳ ಒಯ್ಯಲಾರ

ಕಾರ್ಬ್ಯುರೇಟರ್ ಇರುವ ಹಳೆಯ ಬೈಕುಗಳಿಗೆ ಇದರಲ್ಲಿ ಸ್ವಲ್ಪ ಹುರುಳಿದೆ. ಕಾಕ್ ಮುಚ್ಚಿದರೂ ಕಾರ್ಬ್ಯುರೇಟರ್ ಬಟ್ಟಲಿನಲ್ಲಿ ನಾಲ್ಕಾರು ಚಮಚ ಪೆಟ್ರೋಲ್ ಉಳಿದಿರುತ್ತದೆ. ಲೀಟರಿಗೆ 50 ಕಿಲೋಮೀಟರ್ ಓಡುವ ಗಾಡಿಗೆ ಒಂದು ಕಿಲೋಮೀಟರಿಗೆ 20 ಮಿಲಿಲೀಟರ್ ಬೇಕು. ಅಂದರೆ ಗಾಡಿ ಸ್ಟಾರ್ಟ್ ಆಗುತ್ತದೆ, ಸ್ವಲ್ಪ ದೂರ ಹೋಗಿ ನಿಲ್ಲುತ್ತದೆ. ಅನುಭವವಿಲ್ಲದ ಕಳ್ಳ ಅಲ್ಲೇ ಬಿಟ್ಟು ಓಡಬಹುದು. ಬಲ್ಲವನು ಕಾಕ್ ತಿರುಗಿಸಿ ಮುಂದೆ ಹೋಗುತ್ತಾನೆ.

2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದ ಮೇಲೆ ಹೊಸ ಬೈಕುಗಳಲ್ಲಿ ಹೆಚ್ಚಿನವು ಫ್ಯುಯೆಲ್ ಇಂಜೆಕ್ಷನ್‌ಗೆ ಬದಲಾಗಿವೆ. ಅವುಗಳಲ್ಲಿ ಸಾಮಾನ್ಯವಾಗಿ ಈ ಕಾಕ್ ಇರುವುದೇ ಇಲ್ಲ.

ಹಾಗಾದರೆ ಯಾವ ಬೀಗ ಕೊಳ್ಳಬೇಕು?

ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇದ್ದರೆ ಡಿಸ್ಕ್ ಲಾಕ್ ಅಗ್ಗ, ಜೇಬಿನಲ್ಲೂ ಹಿಡಿಸುತ್ತದೆ. ಅದನ್ನು ಮರೆತು ಗಾಡಿ ಹೊರಡಿಸಿದರೆ ಚಕ್ರ ಸಿಕ್ಕಿ ಬೀಳುವುದು ಖಂಡಿತ. ಆದ್ದರಿಂದ ಬೀಗದಿಂದ ಹ್ಯಾಂಡಲ್‌ಗೆ ಒಂದು ಕೆಂಪು ದಾರ ಅಥವಾ ಬಟ್ಟೆ ಕಟ್ಟಿಕೊಳ್ಳಿ.

ಡ್ರಮ್ ಬ್ರೇಕ್ ಗಾಡಿಗೆ ಚೈನೇ ಸರಿ. ಕೊಳ್ಳುವಾಗ, ಹಾಕುವಾಗ ಇವಿಷ್ಟು ಗಮನಿಸಿ:

- ಹೆಲ್ಮೆಟ್‌ಗೆ ಹಾಕುವ ತೆಳು ಕೇಬಲ್ ಕಟರ್‌ನ ಒಂದೇ ಅದುಮಿಗೆ ತುಂಡಾಗುತ್ತದೆ. ಗಟ್ಟಿ ಉಕ್ಕಿನ ದಪ್ಪ ಕೊಂಡಿಯ ಚೈನ್ ತೆಗೆದುಕೊಳ್ಳಿ. ಬಣ್ಣ ಗೀರದಂತೆ ಪಂಚರ್ ಅಂಗಡಿಯಿಂದ ಹಳೆಯ ಸೈಕಲ್ ಟ್ಯೂಬ್ ತಂದು ತೊಡಿಸಿ.
- ಚೈನಿನಷ್ಟೇ ಬೀಗವೂ ಮುಖ್ಯ. ಬೀಗದ ಕೊಕ್ಕೆ ಎಷ್ಟು ಕಡಿಮೆ ಹೊರಗೆ ಕಾಣುತ್ತದೋ ಅಷ್ಟು ಒಳ್ಳೆಯದು.
- ಚೈನ್ ನೆಲಕ್ಕೆ ತಾಗದಿರಲಿ. ನೆಲದ ಆಸರೆ ಸಿಕ್ಕರೆ ಕತ್ತರಿಸುವವನಿಗೆ ಕೆಲಸ ಹಗುರ. ಚಕ್ರದ ಮೇಲ್ಭಾಗದಲ್ಲಿ, ಸಡಿಲ ಇಲ್ಲದಂತೆ ಸುತ್ತಿ.
- ಚಕ್ರವನ್ನು ಅಲುಗದ ವಸ್ತುವಿಗೆ ಸೇರಿಸಿ ಕಟ್ಟಿ. ಸಾಧಾರಣ ಬೈಕಿನ ತೂಕ 110 ಕೆಜಿ ಆಸುಪಾಸು. ಇಬ್ಬರು ಸೇರಿದರೆ ಎತ್ತಿ ಪಿಕಪ್ ವಾಹನಕ್ಕೆ ಹಾಕಬಹುದು. ಚಕ್ರಕ್ಕೆ ಮಾತ್ರ ಹಾಕಿದ ಬೀಗ ಎತ್ತುವುದನ್ನು ತಡೆಯುವುದಿಲ್ಲ.

ಮನೆಯಲ್ಲಾದರೆ ಅಂಗಳದಲ್ಲಿ ಅಥವಾ ಜಗಲಿಯ ಬದಿಯಲ್ಲಿ ದಪ್ಪ ಕಬ್ಬಿಣದ ಬಳೆಯೊಂದನ್ನು ಸಿಮೆಂಟಿನಲ್ಲಿ ಹೂತು ಬಿಡಿ. ಒಮ್ಮೆ ಮಾಡಿದ ಖರ್ಚು, ವರ್ಷಗಟ್ಟಲೆ ಬಳಕೆ. ನಮ್ಮ ಕಡೆಯ ಮಳೆಗಾಲಕ್ಕೆ ಬೀಗ ತುಕ್ಕು ಹಿಡಿಯದಂತೆ ತಿಂಗಳಿಗೊಮ್ಮೆ ಎರಡು ಹನಿ ಎಣ್ಣೆ ಬಿಡಿ.

ಒಂದು ಎಚ್ಚರಿಕೆ: ಬಳ್ಳಿಗಾವಿಯ ಕೇದಾರೇಶ್ವರ, ತ್ರಿಪುರಾಂತಕೇಶ್ವರ ದೇವಸ್ಥಾನಗಳು ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳು. ಅಲ್ಲಿನ ಕಂಬ, ಶಾಸನಗಲ್ಲುಗಳಿಗೆ ಚೈನ್ ಸುತ್ತಬೇಡಿ. ಅಂಗಡಿ ಎದುರು, ಜನ ಓಡಾಡುವ, ಬೆಳಕಿರುವ ಜಾಗ ನೋಡಿ ನಿಲ್ಲಿಸಿ. ಕಾಸಿಲ್ಲದ ಕಾವಲು ಅದು.

ನಂಬಿಕೆ 3: ಹೊಸ ನಂಬರ್ ಪ್ಲೇಟಿನಲ್ಲಿ ಜಿಪಿಎಸ್ ಇದೆ, ಪೊಲೀಸರು ಕೂತಲ್ಲೇ ಹುಡುಕುತ್ತಾರೆ

ಸುಳ್ಳು. ಅತಿ ಸುರಕ್ಷಿತ ನೋಂದಣಿ ಫಲಕ, ಅಂದರೆ ಎಚ್‌ಎಸ್‌ಆರ್‌ಪಿ, 2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಕಡ್ಡಾಯ. ಅದಕ್ಕೂ ಹಿಂದಿನ ಗಾಡಿಗಳಿಗೆ ಕರ್ನಾಟಕ ಸರ್ಕಾರ 2023ರಲ್ಲಿ ಅಧಿಸೂಚನೆ ಹೊರಡಿಸಿತು. ಅದರಲ್ಲಿ ಅಶೋಕ ಚಕ್ರದ ಹೊಲೊಗ್ರಾಮ್, ಲೇಸರ್‌ನಿಂದ ಕೊರೆದ ವಿಶಿಷ್ಟ ಸಂಖ್ಯೆ, ಒಮ್ಮೆ ತೆಗೆದರೆ ಮತ್ತೆ ಕೂಡದ ಸ್ನ್ಯಾಪ್ ಲಾಕ್ ಇರುತ್ತವೆ. ಬ್ಯಾಟರಿ ಇಲ್ಲ, ಸಿಮ್ ಇಲ್ಲ, ಜಿಪಿಎಸ್ ಇಲ್ಲ. ಕದ್ದ ಗಾಡಿಗೆ ಬೇರೆ ಪ್ಲೇಟ್ ಹಾಕಿ ಓಡಿಸುವುದನ್ನು ಅದು ಕಷ್ಟ ಮಾಡುತ್ತದೆ, ಅಷ್ಟೆ.

ಹಾಗಾದರೆ ನಾವೇ ಟ್ರ್ಯಾಕರ್ ಇಟ್ಟರೆ? ಬ್ಲೂಟೂತ್ ಟ್ಯಾಗ್ ತಾನಾಗಿ ಎಲ್ಲಿದೆ ಎಂದು ಹೇಳಲಾರದು. ಹತ್ತಿರ ಹೋಗುವ ಯಾರದೋ ಫೋನು ಅದನ್ನು ಗುರುತಿಸಿ ಸುದ್ದಿ ಕಳಿಸಬೇಕು. ಪೇಟೆಯಲ್ಲಿ ಉಪಯೋಗ ಹೆಚ್ಚು, ಅಡಿಕೆ ತೋಟದ ನಡುವೆ ಕಡಿಮೆ. ಸಿಮ್ ಇರುವ ಜಿಪಿಎಸ್ ಸಾಧನ ಇದಕ್ಕಿಂತ ಮೇಲು. ಆದರೆ ಅದಕ್ಕೆ ರೀಚಾರ್ಜ್ ಬೇಕು, ಮೊಬೈಲ್ ನೆಟ್‌ವರ್ಕ್ ಬೇಕು. ಕೈಯಲ್ಲಿ ಸಾವಿರ ರೂಪಾಯಿಯಷ್ಟೇ ಇದ್ದರೆ ಮೊದಲು ಒಳ್ಳೆಯ ಚೈನ್ ಕೊಳ್ಳಿ.

ನಂಬಿಕೆ 4: ಐದು ವರ್ಷದ ಇನ್ಶೂರೆನ್ಸ್ ಇದೆ, ಕಳವಾದರೂ ದುಡ್ಡು ಬರುತ್ತದೆ

ಹೆಚ್ಚು ನಷ್ಟ ತರುವ ತಪ್ಪು ತಿಳಿವಳಿಕೆ ಇದೇ.

ಸುಪ್ರೀಂ ಕೋರ್ಟ್ ಆದೇಶದಂತೆ 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾಯಿತು. ನಿಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಗೆ ಈ ವಿಮೆ. ನಿಮ್ಮ ಗಾಡಿ ಕಳವಾದರೆ ಇದರಿಂದ ಒಂದು ರೂಪಾಯಿಯೂ ಬರುವುದಿಲ್ಲ.

ಕಳವಿಗೆ ಪರಿಹಾರ ಕೊಡುವುದು ‘ಓನ್ ಡ್ಯಾಮೇಜ್’ ಭಾಗ. ಶೋರೂಮಿನಲ್ಲಿ ಸಾಮಾನ್ಯವಾಗಿ ಅದನ್ನು ಒಂದೇ ವರ್ಷಕ್ಕೆ ಕೊಟ್ಟಿರುತ್ತಾರೆ. ಪಾಲಿಸಿ ಕಾಗದದಲ್ಲಿ ಎರಡು ಬೇರೆ ಬೇರೆ ಮುಕ್ತಾಯ ದಿನಾಂಕಗಳಿರುತ್ತವೆ. ನಾವು ದೂರದ ದಿನಾಂಕವನ್ನಷ್ಟೇ ನೋಡಿ ನಿಶ್ಚಿಂತರಾಗುತ್ತೇವೆ. ಎರಡನೇ ವರ್ಷದಿಂದ ಓನ್ ಡ್ಯಾಮೇಜ್ ಭಾಗವನ್ನು ಮಾತ್ರ ಬೇರೆಯಾಗಿ ನವೀಕರಿಸಬಹುದು.

ಪರಿಹಾರ ಎಷ್ಟು? ಪಾಲಿಸಿಯಲ್ಲಿ ಬರೆದ ಐಡಿವಿ ಮೊತ್ತದ ಆಧಾರದ ಮೇಲೆ. ಗಾಡಿಗೆ 2 ವರ್ಷ ದಾಟಿ 3 ವರ್ಷ ತುಂಬುವವರೆಗೆ ಸವಕಳಿ 30 ಶೇಕಡಾ ಎಂಬುದು ವಾಡಿಕೆಯ ಲೆಕ್ಕ. 80,000 ರೂಪಾಯಿಯ ಬೈಕಿಗೆ ಐಡಿವಿ ಸುಮಾರು 56,000. ಗಾಡಿ ಸಾಲದಲ್ಲಿದ್ದರೆ ಹಣ ಮೊದಲು ಸಾಲ ಕೊಟ್ಟವರಿಗೆ ಹೋಗುತ್ತದೆ. ವಿಮೆಯೇ ಇಲ್ಲದಿದ್ದರೆ? ಗಾಡಿ ಇಲ್ಲ, ಕಂತು ಮಾತ್ರ ತಪ್ಪುವುದಿಲ್ಲ.

ಕ್ಲೇಮ್ ಮಾಡುವಾಗ ವಿಮಾ ಕಂಪನಿ ಎರಡೂ ಕೀ ಕೇಳುತ್ತದೆ. ಕೀ ಗಾಡಿಯಲ್ಲೇ ಬಿಟ್ಟು ಹೋಗಿದ್ದು ಗೊತ್ತಾದರೆ ಮೊತ್ತ ಕಡಿತವಾಗಬಹುದು, ತಿರಸ್ಕಾರವೂ ಆಗಬಹುದು. ಇನ್ನೊಂದು ಮಾತು: ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡು ಆರ್‌ಸಿ, ಪಾಲಿಸಿ ಎರಡನ್ನೂ ನಿಮ್ಮ ಹೆಸರಿಗೆ ಮಾಡಿಸಿಕೊಂಡಿಲ್ಲದಿದ್ದರೆ ಕಳವಿನ ಕ್ಲೇಮ್ ಸಿಗುವುದು ಬಹಳ ಕಷ್ಟ.

ನಂಬಿಕೆ 5: ಆರ್‌ಸಿ ಗಾಡಿಯಲ್ಲೇ ಇರಬೇಕು

ಬೇಕಿಲ್ಲ. ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿ ತೋರಿಸುವ ದಾಖಲೆ ಕಾನೂನಿನ ಪ್ರಕಾರ ಮಾನ್ಯ. ಮೂಲ ಆರ್‌ಸಿಯನ್ನು ಸೀಟಿನ ಕೆಳಗೆ, ಟ್ಯಾಂಕ್ ಕವರಿನಲ್ಲಿ ಇಡುವುದೆಂದರೆ ಕಳ್ಳನ ಕೈಗೆ ಗಾಡಿಯ ಜೊತೆ ದಾಖಲೆಯನ್ನೂ ಕೊಟ್ಟಂತೆ.

ಗಾಡಿ ಕಾಣದಿದ್ದರೆ ಮೊದಲ ದಿನ ಏನು ಮಾಡಬೇಕು?

1. ನಿಲ್ಲಿಸಿದ ಜಾಗದ ಸುತ್ತ ವಿಚಾರಿಸಿ. ಸಿಗದಿದ್ದರೆ ತಡಮಾಡದೆ 112ಕ್ಕೆ ಕರೆ ಮಾಡಿ.
2. ಅದೇ ದಿನ ಠಾಣೆಗೆ ದೂರು ಕೊಡಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರ ಪ್ರಕಾರ, ಕಳವು ಎಲ್ಲೇ ಆಗಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಗಾಡಿ ಹೋಗಿದ್ದು ಶಿಕಾರಿಪುರ ತಾಲ್ಲೂಕಿನಲ್ಲೋ ಸೊರಬ ತಾಲ್ಲೂಕಿನಲ್ಲೋ ಎಂಬ ಗಡಿ ಜಗಳ ನಿಮ್ಮದಲ್ಲ. ಆನ್‌ಲೈನ್ ಮೂಲಕ ಕೊಟ್ಟರೆ ಮೂರು ದಿನದೊಳಗೆ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಿರಿ.
3. ವಿಮಾ ಕಂಪನಿಗೂ ಕೂಡಲೇ ತಿಳಿಸಿ. ಎಫ್‌ಐಆರ್ ತಕ್ಷಣ ಆಗಿದ್ದರೆ, ಕಂಪನಿಗೆ ತಿಳಿಸುವುದು ತಡವಾಯಿತು ಎಂಬ ಒಂದೇ ಕಾರಣಕ್ಕೆ ಕ್ಲೇಮ್ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಗುರುಶಿಂದರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ದೂರನ್ನು ಮಾತ್ರ ನಾಳೆಗೆ ಮುಂದೂಡಬೇಡಿ.
4. ಗಾಡಿ ಪತ್ತೆಯಾಗದಿದ್ದರೆ ಪೊಲೀಸರು ಸಲ್ಲಿಸುವ ‘ಸಿ ರಿಪೋರ್ಟ್’ ಪ್ರತಿ ಕ್ಲೇಮಿಗೆ ಬೇಕಾಗುತ್ತದೆ.

ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವ ಮುನ್ನ

ಕದ್ದ ಬೈಕಿಗೆ ಗಿರಾಕಿ ಇರುವುದರಿಂದಲೇ ಬೈಕ್ ಕಳವಾಗುತ್ತದೆ. “ಕಾಗದ ಆಮೇಲೆ ಕೊಡುತ್ತೇನೆ” ಎಂದು ಅರ್ಧ ಬೆಲೆಗೆ ಮಾರುವವರಿಂದ ಕೊಳ್ಳಬೇಡಿ. ಕಳವಿನ ಮಾಲೆಂದು ತಿಳಿದೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 317ರ ಅಡಿ ಮೂರು ವರ್ಷದವರೆಗೆ ಜೈಲು ಶಿಕ್ಷೆ ಆಗಬಹುದು. ಆರ್‌ಸಿಯಲ್ಲಿರುವ ಚಾಸಿ ಮತ್ತು ಇಂಜಿನ್ ನಂಬರುಗಳನ್ನು ಗಾಡಿಯ ಮೇಲಿನ ನಂಬರುಗಳೊಂದಿಗೆ ನೀವೇ ತಾಳೆ ನೋಡಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ಆನ್‌ಲೈನ್ ವಾಹನ ಎನ್‌ಒಸಿ ಸೇವೆಯಲ್ಲಿ ಆ ಗಾಡಿ ಕಳವಿನ ಪಟ್ಟಿಯಲ್ಲಿದೆಯೇ ಎಂದೂ ಪರಿಶೀಲಿಸಬಹುದು.

ಇಂದೇ ಮಾಡಬಹುದಾದ್ದು

ಪಾಲಿಸಿ ತೆಗೆದು ‘ಓನ್ ಡ್ಯಾಮೇಜ್’ ಎದುರಿನ ದಿನಾಂಕ ನೋಡಿ. ಎರಡನೇ ಕೀ ಎಲ್ಲಿದೆ ಹುಡುಕಿ. ಆರ್‌ಸಿ, ಪಾಲಿಸಿ, ಚಾಸಿ ನಂಬರಿನ ಫೋಟೊ ತೆಗೆದು ಫೋನಿನಲ್ಲಿಡಿ. ಇದಕ್ಕೆ ಹತ್ತು ನಿಮಿಷ ಸಾಕು, ಖರ್ಚೇನೂ ಇಲ್ಲ. ಗುಂಪಿಗೆ ಏನಾದರೂ ಫಾರ್ವರ್ಡ್ ಮಾಡುವುದಿದ್ದರೆ ‘ಥರ್ಡ್ ಪಾರ್ಟಿ ವಿಮೆಗೆ ಕಳವಿನ ಪರಿಹಾರ ಇಲ್ಲ’ ಎಂಬ ಒಂದು ಸಾಲನ್ನು ಮಾಡಿ.