ಹಳೇ ತಂತ್ರಾಂಶಕ್ಕೆ ಹಳೇ ಹಿಮ್ಮೇಳವೇ ಬೇಕು

ಮನೆಯ ಕಂಪ್ಯೂಟರಿನಲ್ಲಿ ಕಂಟ್ರೋಲ್ ಪ್ಯಾನಲ್ ತೆರೆದು, ಒಳಗೆ ಯಾವ ಯಾವ ತಂತ್ರಾಂಶಗಳಿವೆ ಎಂದು ಒಮ್ಮೆ ನೋಡಿ. 'ಮೈಕ್ರೋಸಾಫ್ಟ್ ವಿಷುಯಲ್ ಸಿ ಪ್ಲಸ್ ಪ್ಲಸ್ 2008', ಆಮೇಲೆ 2010, 2013 ಎಂದು ಒಂದೇ ಹೆಸರಿನ ಐದಾರು ಸಾಲುಗಳು ಸಿಗಬಹುದು. ಇವನ್ನು ನಾವು ಬೇಕೆಂದು ಹಾಕಿಕೊಂಡಿದ್ದಲ್ಲ. ತೆರೆಯಲು ಹೋದರೆ ತೆರೆಯುವುದೂ ಇಲ್ಲ. ಜಾಗ ತಿನ್ನುವ ಕಸ ಎಂದುಕೊಂಡು ಅಳಿಸಿಬಿಟ್ಟರೆ, ಮರುದಿನ ಫೋಟೋ ತಂತ್ರಾಂಶವೋ ಅಂಗಡಿ ಲೆಕ್ಕದ ತಂತ್ರಾಂಶವೋ ಓಡುವುದನ್ನೇ ನಿಲ್ಲಿಸಬಹುದು. ಈ ಸಾಲುಗಳು ಹೇಗೆ ಬಂದವು ಎಂಬುದರ ಹಿಂದೆ ಮೂವತ್ತು ವರ್ಷಗಳ ಕಥೆಯಿದೆ.

ಇವುಗಳಿಗೆ ರನ್‌ಟೈಮ್ ಎನ್ನುತ್ತಾರೆ. ಯಕ್ಷಗಾನದ ವೇಷಧಾರಿ ಎಷ್ಟೇ ನಿಪುಣನಾಗಿರಲಿ, ಭಾಗವತರು, ಚೆಂಡೆ, ಮದ್ದಳೆ ಇಲ್ಲದೆ ರಂಗದಲ್ಲಿ ಏನು ಮಾಡಿಯಾನು? ತಂತ್ರಾಂಶ ಎಂದರೆ ವೇಷಧಾರಿ, ರನ್‌ಟೈಮ್ ಎಂದರೆ ಅದರ ಹಿಮ್ಮೇಳ. ಕಡತ ತೆರೆಯುವುದು, ಲೆಕ್ಕ ಮಾಡುವುದು, ಅಕ್ಷರ ಜೋಡಿಸುವುದು ಇಂಥ ಎಲ್ಲರಿಗೂ ಬೇಕಾದ ಕೆಲಸಗಳನ್ನು ಅದು ಮಾಡಿಕೊಡುತ್ತದೆ. ತೆಂಕುತಿಟ್ಟಿನ ವೇಷಕ್ಕೆ ಬಡಗಿನ ಹಿಮ್ಮೇಳ ಹೊಂದದ ಹಾಗೆ, 2010ರ ರನ್‌ಟೈಮ್ ನಂಬಿ ಬರೆದ ತಂತ್ರಾಂಶಕ್ಕೆ 2013ರದ್ದು ಆಗುವುದಿಲ್ಲ.

ಮೊದಲು ಹೀಗಿರಲಿಲ್ಲ. 1995ರಲ್ಲಿ ಬಂದ ವಿಂಡೋಸ್ 95 ಓಡಲು ಕನಿಷ್ಠ 4 ಎಂಬಿ ಮೆಮೊರಿ ಸಾಕಿತ್ತು. ಇಂದಿನ ವಿಂಡೋಸ್ 11 ಕನಿಷ್ಠ 4 ಜಿಬಿ ಕೇಳುತ್ತದೆ, ಅಂದರೆ ಸಾವಿರ ಪಟ್ಟು. ಅಷ್ಟು ಬಡತನದ ಕಾಲದಲ್ಲಿ ಪ್ರತಿ ತಂತ್ರಾಂಶವೂ ತನ್ನದೇ ಹಿಮ್ಮೇಳ ತಂದರೆ ಜಾಗ ಎಲ್ಲಿ? ಅದಕ್ಕೆ ಎಲ್ಲರಿಗೂ ಬೇಕಾದ ಕೆಲಸಗಳನ್ನು ಡಿಎಲ್‌ಎಲ್ ಎಂಬ ಕಡತಗಳಲ್ಲಿ ಹಾಕಿ, ವಿಂಡೋಸ್‌ನ ಒಂದೇ ಫೋಲ್ಡರಿನಲ್ಲಿ ಇಟ್ಟರು. ಎಲ್ಲರೂ ಅದನ್ನೇ ಹಂಚಿಕೊಳ್ಳಬೇಕು.

ತೊಂದರೆ ಶುರುವಾದದ್ದೂ ಅಲ್ಲೇ. ಹೊಸದೊಂದು ಆಟ ಹಾಕಿದರೆ, ಅದು ತನ್ನ ಜೊತೆ ತಂದ ಡಿಎಲ್‌ಎಲ್ ಅನ್ನು ಮೊದಲೇ ಇದ್ದುದರ ಮೇಲೆ ಬರೆದುಬಿಡುತ್ತಿತ್ತು. ಹೆಸರು ಒಂದೇ, ಆವೃತ್ತಿ ಬೇರೆ. ಸಂಬಂಧವೇ ಇಲ್ಲದ ಲೆಕ್ಕದ ತಂತ್ರಾಂಶ ಕೈಕೊಡುತ್ತಿತ್ತು. ತಂತ್ರಾಂಶ ಬರೆಯುವವರು ಈ ಪಾಡಿಗೆ 'ಡಿಎಲ್‌ಎಲ್ ನರಕ' ಎಂದೇ ಹೆಸರಿಟ್ಟರು.

ಇದೇ ಕಾಲಕ್ಕೆ ಬೇರೊಂದು ದಾರಿಯೂ ಕಂಡಿತು. 1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ ಜಾವಾ ತಂದಿತು. ಒಮ್ಮೆ ಬರೆದರೆ ಸಾಕು, ಯಾವ ಕಂಪ್ಯೂಟರಿನಲ್ಲಾದರೂ ಓಡುತ್ತದೆ ಎಂಬುದು ಅದರ ಮಾತು. ಆದರೆ ಮೈಕ್ರೋಸಾಫ್ಟ್ ಜಾವಾವನ್ನು ತನಗೆ ಬೇಕಾದಂತೆ ತಿದ್ದಿಕೊಂಡಿದೆ ಎಂದು ಸನ್ 1997ರಲ್ಲಿ ಕೋರ್ಟಿಗೆ ಹೋಯಿತು. 2001ರಲ್ಲಿ ರಾಜಿಯಾದಾಗ ಮೈಕ್ರೋಸಾಫ್ಟ್ 2 ಕೋಟಿ ಡಾಲರ್ ಕೊಟ್ಟಿತು. 2010ರಲ್ಲಿ ಆರಕಲ್ ಕಂಪನಿ ಸನ್ ಅನ್ನೇ ಕೊಂಡಿತು. 2019ರಿಂದ ಜಾವಾ 8ರ ಹೊಸ ತಿದ್ದುಪಡಿಗಳು ಮನೆ ಬಳಕೆಗೆ ಉಚಿತ, ವ್ಯಾಪಾರಕ್ಕೆ ಹಣ ಎಂದಾಯಿತು. ಆವೃತ್ತಿಗಳ ಜಗಳ ಬರೀ ತಂತ್ರಜ್ಞಾನದ್ದಲ್ಲ, ಕಂಪನಿಗಳದ್ದೂ ಹೌದು.

ಮೈಕ್ರೋಸಾಫ್ಟ್ ಕೊನೆಗೆ ಹಂಚಿಕೊಳ್ಳುವ ಹಟವನ್ನು ಸಡಿಲಿಸಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಒಂದೇ ಡಿಎಲ್‌ಎಲ್‌ನ ಹಲವು ಆವೃತ್ತಿಗಳು ಅಕ್ಕಪಕ್ಕ ಕೂರುವ ಏರ್ಪಾಡು ಬಂತು. 2002ರಲ್ಲಿ ಬಂದ ಡಾಟ್ ನೆಟ್ ಕೂಡ ಇದೇ ದಾರಿ ಹಿಡಿಯಿತು. ಡಾಟ್ ನೆಟ್ 3.5ಕ್ಕೆ ಬರೆದ ತಂತ್ರಾಂಶ ಇಂದಿಗೂ 3.5 ಅನ್ನೇ ಕೇಳಬಹುದು, 4.8 ಇದ್ದರೂ ಬೇಡ ಎನ್ನಬಹುದು. ನಿಮ್ಮ ಪಟ್ಟಿಯಲ್ಲಿರುವ ಐದಾರು ಸಾಲುಗಳು ಆ ಏರ್ಪಾಡಿನ ಫಲ. ಅವು ಕಸವಲ್ಲ, ಜಗಳ ತಪ್ಪಿಸಲು ಮಾಡಿದ ಪಾಲು.

2015ರಿಂದ 2022ರವರೆಗಿನ ವಿಷುಯಲ್ ಸಿ ಪ್ಲಸ್ ಪ್ಲಸ್ ರನ್‌ಟೈಮ್‌ಗಳನ್ನು ಮಾತ್ರ ಒಂದಾಗಿ ಸೇರಿಸಿದ್ದಾರೆ. ಅದಕ್ಕೂ ಹಳೆಯವು ಬೇರೆ ಬೇರೆಯಾಗಿಯೇ ಇರಬೇಕು. ಒಂದೇ ವರ್ಷದ ಮುಂದೆ ಎಕ್ಸ್86, ಎಕ್ಸ್64 ಎಂದು ಎರಡು ಕಂಡರೆ ಎರಡನ್ನೂ ಬಿಡಿ. ಮೊದಲನೆಯದು 32 ಬಿಟ್ ತಂತ್ರಾಂಶಗಳಿಗೆ, ಎರಡನೆಯದು 64 ಬಿಟ್‌ನವಕ್ಕೆ.

'ಎಂಎಸ್‌ವಿಸಿಪಿ140.ಡಿಎಲ್‌ಎಲ್ ಇಲ್ಲ' ಎಂದು ಪರದೆ ಹೇಳಿದರೆ, ಆ ಒಂದು ಕಡತವನ್ನು ಹುಡುಕಿ ಕಂಡಕಂಡ ಜಾಲತಾಣದಿಂದ ಇಳಿಸಬೇಡಿ. ಅದರ ಜೊತೆ ವೈರಸ್ ಬರಬಹುದು. ಆ ಕಡತ 2015ರ ನಂತರದ ರನ್‌ಟೈಮಿನದು. ಮೈಕ್ರೋಸಾಫ್ಟ್‌ನ ತಾಣದಲ್ಲೇ ಇಡೀ ರನ್‌ಟೈಮ್ ಉಚಿತವಾಗಿ ಸಿಗುತ್ತದೆ.

ಈ ಮಾತು ಈಗ ಆಡಲು ಕಾರಣವಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಬರುವುದು 64 ಬಿಟ್‌ನಲ್ಲಿ ಮಾತ್ರ. ಡಾಸ್ ಮತ್ತು ವಿಂಡೋಸ್ 3.1ರ ಕಾಲದ 16 ಬಿಟ್ ತಂತ್ರಾಂಶಗಳು ಅದರಲ್ಲಿ ನೇರವಾಗಿ ಓಡುವುದೇ ಇಲ್ಲ. ಯಾವ ಹಿಮ್ಮೇಳ ತಂದರೂ ಅಷ್ಟೇ. ಹಾಲಿನ ಸಂಘದ್ದೋ, ಅಡಿಕೆ ಮಂಡಿಯದ್ದೋ ಇಪ್ಪತ್ತು ವರ್ಷದ ಲೆಕ್ಕ ಅಂಥ ತಂತ್ರಾಂಶದಲ್ಲಿದ್ದರೆ, ಹಳೇ ಯಂತ್ರ ಇನ್ನೂ ಓಡುತ್ತಿರುವಾಗಲೇ ಅದನ್ನು ಎಕ್ಸೆಲ್ ಅಥವಾ ಸಿಎಸ್‌ವಿ ಕಡತವಾಗಿ ಹೊರತೆಗೆದು ಎರಡು ಕಡೆ ಇಡಿ. ಅದಾಗದಿದ್ದರೆ ಕಾಗದಕ್ಕಾದರೂ ಇಳಿಸಿ. ಯಂತ್ರವನ್ನು ಗುಜರಿಗೆ ಹಾಕುವುದು ಆಮೇಲಿನ ಮಾತು.